ಕಾಲ ಯಾರನ್ನೂ ಸೋಲಿಸಿಲ್ಲ

ದೊಡ್ಡ ಚಾಂಪಿಯನ್ನನ್ನು ಕಿರಿಯರು ಹಿಂದಿಕ್ಕುವುದು ವಯಸ್ಸಿನ ಮಾತು, ಕಾಲ ಕೂಡಿಬಂದರೆ ತಾನಾಗಿಯೇ ಆಗುತ್ತದೆ, ಅಲ್ಲಿಯವರೆಗೆ ತಾಳ್ಮೆಯಿಂದ ಕಾಯಬೇಕು. ಹೀಗೆಂದು ನಮ್ಮಲ್ಲಿ ಬಹುತೇಕ ಎಲ್ಲರೂ ನಂಬಿದ್ದಾರೆ. ಟೆನಿಸ್‌ನಲ್ಲಿ ನೊವಾಕ್ ಜೊಕೊವಿಚ್ ಸೋತರೆ ‘ವಯಸ್ಸಾಯಿತು ಬಿಡಿ’ ಅನ್ನುತ್ತಾರೆ. ಕಾರ್ಲೊಸ್ ಅಲ್ಕರಾಜ್ ಗೆದ್ದರೆ ‘ಅವನ ಕಾಲ ಬಂತು’ ಅನ್ನುತ್ತಾರೆ. ಉಳಿದ ಎಲ್ಲ ವಿಷಯಕ್ಕೂ ಜಗಳವಾಡುವ ಹಿರಿಯನ ಅಭಿಮಾನಿ, ಕಿರಿಯನ ಅಭಿಮಾನಿ ಇಬ್ಬರೂ ಇದೊಂದರಲ್ಲಿ ಒಂದಾಗುತ್ತಾರೆ. ಒಬ್ಬನಿಗೆ ತನ್ನ ನಾಯಕ ಆಟದಲ್ಲಿ ಸೋಲಲಿಲ್ಲ ಎಂಬ ಸಮಾಧಾನ, ಇನ್ನೊಬ್ಬನಿಗೆ ತನ್ನ ನಾಯಕನ ಗೆಲುವು ವಿಧಿಲಿಖಿತ ಎಂಬ ಹೆಮ್ಮೆ. ಈ ನಂಬಿಕೆ ಸುಳ್ಳು. ಬರೀ ಸುಳ್ಳಾಗಿದ್ದರೆ ಅದರ ಪಾಡಿಗೆ ಬಿಡಬಹುದಿತ್ತು. ಅದು ಎಳೆಯ ಆಟಗಾರರ ಕೈಕಾಲು ಕಟ್ಟಿಹಾಕುತ್ತಿರುವುದರಿಂದ ಬಿಡಲಾಗದು.

ಮದುಕ್ಕರೈಯಲ್ಲಿ ಈ ಮಾತು ಷಟಲ್ ಕೋರ್ಟಿನ ಬದಿಯಲ್ಲೇ ಕಿವಿಗೆ ಬೀಳುತ್ತದೆ. ಕೊಯಮತ್ತೂರಿನಿಂದ ಪಾಲಕ್ಕಾಡಿನ ದಾರಿಯಲ್ಲಿರುವ, ಸುಣ್ಣದ ಕಲ್ಲು ಮತ್ತು ಸಿಮೆಂಟ್ ಕಾರ್ಖಾನೆಯನ್ನು ನಂಬಿ ಬೆಳೆದ ಊರು ಇದು. ತಮಿಳರ ಆಡಿ ತಿಂಗಳಲ್ಲಿ ಪಾಲಕ್ಕಾಡು ಕಣಿವೆಯಿಂದ ಗಾಳಿ ನುಗ್ಗಿತೆಂದರೆ ಬಯಲಿನ ಕೋರ್ಟಿನಲ್ಲಿ ಕಾಕ್ ಹೊಡೆದ ಕಡೆಗೆ ಹೋಗುವುದಿಲ್ಲ. ಆಗ ಎಲ್ಲರೂ ಶೀಟು ಹೊದಿಸಿದ ಶೆಡ್ಡಿನ ಕೆಳಗೆ ಸೇರುತ್ತಾರೆ. ನನ್ನಂತೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವವರೂ ಆ ಗುಂಪಿನಲ್ಲಿರುತ್ತಾರೆ. ಹದಿನಾಲ್ಕು ಹದಿನೈದರ ಹುಡುಗನೊಬ್ಬ ಊರಿನ ಹಳೆಯ ಹುಲಿಯ ಎದುರು ಎರಡನೇ ಗೇಮಿನಲ್ಲಿ ಹದಿನೆಂಟರವರೆಗೂ ಬಂದು ಸೋತು ಹೊರಗೆ ಬರುತ್ತಾನೆ. ಕಲಿಸುವವರು ಬೆನ್ನು ತಟ್ಟಿ, ‘ಅವಸರ ಬೇಡ ತಂಬಿ, ಆ ಅಣ್ಣ ಇನ್ನು ಎರಡು ವರ್ಷ. ಆಮೇಲೆ ಎಲ್ಲ ನಿನ್ನದೇ’ ಅನ್ನುತ್ತಾರೆ. ಪ್ರೀತಿಯಿಂದ ಹೇಳಿದ ಮಾತೇ. ಆದರೆ ಹದಿನೆಂಟು ಅಂಕದವರೆಗೆ ಬಂದವನು ಅಲ್ಲಿಂದ ಮುಂದೆ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನು ಆ ಮಾತು ಅಲ್ಲೇ ಮುಚ್ಚಿಬಿಡುತ್ತದೆ. ಆ ಮೂರು ಅಂಕಗಳಲ್ಲಿ ಹಳೆಯ ಹುಲಿ ಏನು ಮಾಡಿತು, ಇವನು ಯಾವ ಹೊಡೆತಕ್ಕೆ ಕೈಯಿಟ್ಟು ಕೆಟ್ಟ ಎಂದು ಯಾರೂ ಕೇಳುವುದಿಲ್ಲ. ಕಾಲವೇ ನೋಡಿಕೊಳ್ಳುತ್ತದೆಂದ ಮೇಲೆ ಕೇಳಿ ಆಗಬೇಕಾದದ್ದೇನು?

ಕಾಲ ನೋಡಿಕೊಂಡಿತೇ ಎಂದು ಮೊದಲು ಟೆನಿಸ್‌ನಲ್ಲೇ ಲೆಕ್ಕ ಹಾಕೋಣ. 1989ರಿಂದ 1992ರವರೆಗಿನ ನಾಲ್ಕು ವರ್ಷಗಳಲ್ಲಿ ಹುಟ್ಟಿದ ಒಬ್ಬ ಗಂಡಸೂ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದಿಲ್ಲ. ನಿಶಿಕೋರಿ, ರಾವೊನಿಚ್, ಗೊಫಿನ್, ಡಿಮಿಟ್ರೊವ್ ಎಲ್ಲರೂ ಆ ಪೀಳಿಗೆಯವರು. ನಿಶಿಕೋರಿ 2014ರಲ್ಲಿ ಯುಎಸ್ ಓಪನ್ ಫೈನಲ್‌ಗೂ, ರಾವೊನಿಚ್ 2016ರಲ್ಲಿ ವಿಂಬಲ್ಡನ್ ಫೈನಲ್‌ಗೂ ಬಂದಿದ್ದರು. ಇವರು ಸೋಮಾರಿಗಳಾಗಿರಲಿಲ್ಲ, ಪ್ರತಿಭೆಗೂ ಕೊರತೆಯಿರಲಿಲ್ಲ. ವಯಸ್ಸಂತೂ ಪೂರ್ತಿ ಇವರ ಪರವಾಗಿತ್ತು. ಫೆಡರರ್, ನಡಾಲ್, ಜೊಕೊವಿಚ್ ಮೂವರೂ ಇವರ ಕಣ್ಣೆದುರೇ ಮೂವತ್ತು ದಾಟಿದರು. ಆದದ್ದೇನು? ಜೊಕೊವಿಚ್ ತನ್ನ 24 ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳಲ್ಲಿ 12ನ್ನು ಮೂವತ್ತು ತುಂಬಿದ ಮೇಲೆಯೇ ಗೆದ್ದ. ಕಾದವರು ಕಾಯುತ್ತಲೇ ಮುದುಕರಾದರು. 1990ರ ದಶಕದಲ್ಲಿ ಹುಟ್ಟಿದವರಲ್ಲಿ ಮೊದಲು ಗ್ರ್ಯಾಂಡ್‌ಸ್ಲಾಮ್ ಗೆದ್ದವನು 1993ರಲ್ಲಿ ಹುಟ್ಟಿದ ಡೊಮಿನಿಕ್ ಥೀಮ್, ಅದೂ 2020ರಲ್ಲಿ.

ಗ್ರಿಗೊರ್ ಡಿಮಿಟ್ರೊವ್‌ನ ಕಥೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ. ಹುಡುಗನಾಗಿದ್ದಾಗ ಅವನನ್ನು ಎಲ್ಲರೂ ‘ಬೇಬಿ ಫೆಡ್’ ಎಂದು ಕರೆಯುತ್ತಿದ್ದರು. ಅದೇ ಒಂಟಿಕೈ ಬ್ಯಾಕ್‌ಹ್ಯಾಂಡ್, ಅದೇ ನಡಿಗೆ. ನೋಡುವುದಕ್ಕೆ ಚೆಂದ. ಆದರೆ ಫೆಡರರ್‌ನ ಆಟವನ್ನು ಫೆಡರರ್‌ಗಿಂತ ಚೆನ್ನಾಗಿ ಆಡುವವರು ಯಾರಿದ್ದಾರೆ? ಸತತ ಏಳು ಸೋಲಿನ ನಂತರ, 2019ರ ಯುಎಸ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ಡಿಮಿಟ್ರೊವ್ ಮೊದಲ ಬಾರಿ ಅವನನ್ನು ಸೋಲಿಸಿದ. ಆಗ ಫೆಡರರ್‌ಗೆ 38. ಕಾಲ ಕೊಡಬಹುದಾದದ್ದನ್ನೆಲ್ಲ ಕೊಟ್ಟಿತ್ತು. ಮುಂದಿನ ಪಂದ್ಯದಲ್ಲೇ ಡಿಮಿಟ್ರೊವ್ ಮೆಡ್ವೆಡೆವ್‌ಗೆ ಸೋತು ಮನೆಗೆ ಹೋದ. ಕಾಯುವವನಿಗೆ ಕಾಲ ಕೊಡುವುದು ಇಷ್ಟನ್ನೇ, ಒಂದು ರಾತ್ರಿಯ ಗೆಲುವು.

ನಿಜವಾಗಿ ಹಿಂದಿಕ್ಕಿದವರು ಯಾರೂ ಎದುರಾಳಿಗೆ ವಯಸ್ಸಾಗಲಿ ಎಂದು ಕೂತಿರಲಿಲ್ಲ. 2008ರ ವಿಂಬಲ್ಡನ್ ಫೈನಲ್ ಆಡುವಾಗ ಫೆಡರರ್‌ಗೆ 26 ವರ್ಷ, ಅಲ್ಲಿ ಸತತ ಐದು ಸಲ ಗೆದ್ದಿದ್ದ. ಅವನ ಮೈಯಲ್ಲಿ ಮುಪ್ಪಿನ ಗಾಳಿಯೂ ಸುಳಿದಿರಲಿಲ್ಲ. ಹಿಂದಿನ ಎರಡು ವರ್ಷ ಅದೇ ಫೈನಲ್‌ನಲ್ಲಿ ಸೋತಿದ್ದ ನಡಾಲ್, ಎಡಗೈಯ ಟಾಪ್‌ಸ್ಪಿನ್ನನ್ನು ಫೆಡರರ್‌ನ ಬ್ಯಾಕ್‌ಹ್ಯಾಂಡಿನ ಭುಜದೆತ್ತರಕ್ಕೆ ಮತ್ತೆ ಮತ್ತೆ ಕಳಿಸಿ, ಕತ್ತಲಾಗುವ ಹೊತ್ತಿಗೆ ಐದನೇ ಸೆಟ್ಟನ್ನು 9-7ರಿಂದ ಗೆದ್ದ. ಇನ್ನು 2011ರಲ್ಲಿ ಜೊಕೊವಿಚ್ ನಡಾಲ್‌ನನ್ನು ಆರು ಫೈನಲ್‌ಗಳಲ್ಲಿ ಸೋಲಿಸಿದ. ಅದರ ಹಿಂದಿನ ವರ್ಷವಷ್ಟೇ ನಡಾಲ್ ಮೂರು ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದ. ಅವರಿಬ್ಬರ ನಡುವಿನ ವಯಸ್ಸಿನ ಅಂತರ ಒಂದು ವರ್ಷವೂ ಇಲ್ಲ. ಅಲ್ಲಿ ಯಾವ ಕಾಲ ಯಾರಿಗೆ ಬಂತು? ಗರಡಿಯವರ ಮಾತಿನಲ್ಲಿ ಹೇಳುವುದಾದರೆ, ಪಟ್ಟಿಗೆ ಪ್ರತಿಪಟ್ಟು ಬಂತು. ನಡಾಲ್‌ನ ಎತ್ತರದ ಚೆಂಡು ಎರಡು ಕೈಯ ಬ್ಯಾಕ್‌ಹ್ಯಾಂಡಿಗೆ ಕಷ್ಟವೇ ಆಗಲಿಲ್ಲ. ಫೆಡರರ್‌ನನ್ನು ಕೆಡವಿದ ಪಟ್ಟು ಜೊಕೊವಿಚ್ ಮೇಲೆ ನಡೆಯಲಿಲ್ಲ.

ಈ ವಾದಕ್ಕೆ ನಮ್ಮದೇ ನೆಲದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿದೆ. ಕನ್ನಡಿಗರಾದ ನಾವು ಅದನ್ನು ಅರ್ಧ ಮಾತ್ರ ಹೇಳುತ್ತೇವೆ, ಇನ್ನರ್ಧವನ್ನು ನುಂಗಿಕೊಳ್ಳುತ್ತೇವೆ.

ಅರ್ಧ ಕಥೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್. ಅದು ಮದುವೆ ನಡೆಯುವ ಹಾಲ್. ಮದುವೆ ಇಲ್ಲದ ದಿನ ಅದೇ ಬ್ಯಾಡ್ಮಿಂಟನ್ ಕೋರ್ಟು. ಆ ಇಕ್ಕಟ್ಟಿನ ಜಾಗದಲ್ಲಿ ಬೆಳೆದ ಪ್ರಕಾಶ್ ಪಡುಕೋಣೆಯವರ ಮಣಿಕಟ್ಟಿಗೆ ಅಬ್ಬರಕ್ಕಿಂತ ನಯ ಮೊದಲು ಬಂದದ್ದರಲ್ಲಿ ಆಶ್ಚರ್ಯವಿಲ್ಲ. 1971ರಲ್ಲಿ, ಹದಿನಾರರ ಹರೆಯದಲ್ಲಿ, ಜೂನಿಯರ್ ಮತ್ತು ಸೀನಿಯರ್ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಒಟ್ಟಿಗೆ ಗೆದ್ದರು. ಅಲ್ಲಿಂದ 1979ರವರೆಗೆ ಸತತ ಒಂಬತ್ತು ಬಾರಿ ಅವರೇ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಎಡ್ಮಂಟನ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ. 1980ರಲ್ಲಿ ಡೆನ್ಮಾರ್ಕ್ ಓಪನ್, ಸ್ವೀಡನ್ ಓಪನ್ ಗೆದ್ದು ಮಾರ್ಚಿನಲ್ಲಿ ವೆಂಬ್ಲಿಗೆ ಬಂದರು.

ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಎದುರಿಗಿದ್ದವನು ಇಂಡೋನೇಷ್ಯಾದ ಲಿಯಮ್ ಸ್ವೀ ಕಿಂಗ್. ಹಿಂದಿನ ಎರಡು ವರ್ಷದ ಚಾಂಪಿಯನ್. ಎಂಟು ಸಲ ಆಲ್ ಇಂಗ್ಲೆಂಡ್ ಗೆದ್ದ ರೂಡಿ ಹಾರ್ಟೊನೊನನ್ನು 1978ರ ಫೈನಲ್‌ನಲ್ಲಿ ಕೆಡವಿದವನೇ ಅವನು. ಜಗತ್ತಿಗೆ ಅವನ ಜಂಪ್ ಸ್ಮ್ಯಾಶ್ ಎಂದರೆ ಹೆದರಿಕೆ. ಕಾಲದ ವಾದ ಹಿಡಿದವರು ಇಲ್ಲಿ ಒಂದು ತಾರೀಕು ಗಮನಿಸಬೇಕು. ಪ್ರಕಾಶ್ ಹುಟ್ಟಿದ್ದು 1955ರ ಜೂನ್‌ನಲ್ಲಿ, ಕಿಂಗ್ 1956ರ ಫೆಬ್ರವರಿಯಲ್ಲಿ. ಹಿಂದಿಕ್ಕಿದವರೇ ಹಿಂದಿಕ್ಕಿಸಿಕೊಂಡವನಿಗಿಂತ ಎಂಟು ತಿಂಗಳು ದೊಡ್ಡವರು. ಕಿಂಗ್ ಎಗರಿ ಹೊಡೆಯುವಂಥ ಸಲೀಸಾದ ಕಾಕ್ ಕೊಡದೆ, ವೇಗವನ್ನು ಹಿಗ್ಗಿಸಿ ಕುಗ್ಗಿಸಿ, ಅರೆ ಸ್ಮ್ಯಾಶ್ ಮತ್ತು ಡ್ರಾಪ್‌ಗಳಿಂದ ಕೋರ್ಟಿನ ಮೂಲೆಮೂಲೆಗೆ ಓಡಿಸಿ 15-3, 15-10ರಲ್ಲಿ ಪಂದ್ಯ ಮುಗಿಸಿದರು. ಜಗತ್ತಿನ ಅತಿ ಬಿರುಸಿನ ಹೊಡೆತಕ್ಕೆ ಮದುವೆ ಹಾಲಿನಲ್ಲಿ ಕಲಿತ ನಯದ ಆಟ ಪ್ರತಿಪಟ್ಟಾಯಿತು.

ಇನ್ನರ್ಧ ಕಥೆ ಇದು. ಅದೇ 1980ರ ರಾಷ್ಟ್ರೀಯ ಪ್ರಶಸ್ತಿಯನ್ನು ಪ್ರಕಾಶ್ ಗೆಲ್ಲಲಿಲ್ಲ. ಹದಿನೆಂಟರ ಆಸುಪಾಸಿನ ಹುಡುಗನೊಬ್ಬ ಅವರನ್ನು ಸೋಲಿಸಿ ಆ ಕಿರೀಟ ಕಿತ್ತುಕೊಂಡ. ಗೋರಖಪುರದ ಕಡೆಯ ಸಕ್ಕರೆ ಕಾರ್ಖಾನೆಯ ನೌಕರನ ಮಗ, ಸಯ್ಯದ್ ಮೋದಿ. 1976ರಲ್ಲೇ ಜೂನಿಯರ್ ಚಾಂಪಿಯನ್ ಆಗಿ, ಪಟಿಯಾಲದಲ್ಲಿ ಪಿ.ಕೆ. ಭಂಡಾರಿಯವರ ಬಳಿ ಪಳಗಿದವನು. ಆಗ ಪ್ರಕಾಶರಿಗೆ ಇಪ್ಪತ್ತೈದರ ಆಸುಪಾಸು, ಅವರ ಜೀವಮಾನದ ಅತ್ಯುತ್ತಮ ವರ್ಷ. ಆಮೇಲೂ 1981ರಲ್ಲಿ ಕ್ವಾಲಾಲಂಪುರದಲ್ಲಿ ಚೀನಾದ ಹಾನ್ ಜಿಯಾನ್‌ನನ್ನು ಮಣಿಸಿ ವಿಶ್ವಕಪ್ ಗೆದ್ದರು, 1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಅವರಿಗೆ ವಯಸ್ಸಾಗಿತ್ತು ಎನ್ನುವ ಬಾಯಿ ಯಾರದು? ಜಗತ್ತನ್ನೇ ಗೆದ್ದವರನ್ನು ಅವರ ಏರುಹೊತ್ತಿನಲ್ಲಿಯೇ ಊರಿನ ಹುಡುಗನೊಬ್ಬ ಸೋಲಿಸಿದ ಎಂದು ಒಪ್ಪಿಕೊಳ್ಳಲು ನಮಗೆ ಸಂಕಟ. ಹಾಗಾಗಿ ಆ ಅಧ್ಯಾಯವನ್ನೇ ಮರೆಯುತ್ತೇವೆ. ಮರೆತು ಸಯ್ಯದ್ ಮೋದಿಗೂ ಅನ್ಯಾಯ ಮಾಡುತ್ತೇವೆ, ಪ್ರಕಾಶರಿಗೂ ಮಾಡುತ್ತೇವೆ. ಸೋಲಿಸಿದವನ ಯೋಗ್ಯತೆಯನ್ನು ಕಾಲದ ಹೆಸರಿಗೆ ಬರೆದರೆ ಸೋತವರ ಯೋಗ್ಯತೆಯೂ ಕಾಲದ್ದೇ ಆಗಿಬಿಡುತ್ತದೆ.

ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಆ ಮೇಲೆ ಪ್ರಕಾಶ್ ಡೆನ್ಮಾರ್ಕ್‌ಗೆ ಹೋಗಿ ನೆಲೆಸಿದರು. ಸಯ್ಯದ್ ಮೋದಿ 1987ರವರೆಗೆ ಗೆದ್ದ ಎಂಟು ರಾಷ್ಟ್ರೀಯ ಪ್ರಶಸ್ತಿಗಳನ್ನೂ ಪ್ರಕಾಶರ ಲೆಕ್ಕಕ್ಕೆ ಹಚ್ಚುವುದು ಸರಿಯಲ್ಲ. ನನ್ನ ವಾದಕ್ಕೆ ಎಂಟು ಬೇಕಾಗಿಯೂ ಇಲ್ಲ, ಮೊದಲನೆಯದೊಂದೇ ಸಾಕು. 1982ರಲ್ಲಿ ಬ್ರಿಸ್ಬೇನ್‌ನಲ್ಲಿ ಕಾಮನ್‌ವೆಲ್ತ್ ಚಿನ್ನವನ್ನೂ ಗೆದ್ದು ತಾನು ಒಂದು ದಿನದ ಹುಲಿಯಲ್ಲ ಎಂದು ಅವನು ತೋರಿಸಿದ. 1988ರ ಜುಲೈನಲ್ಲಿ ಲಖನೌದ ಕ್ರೀಡಾಂಗಣದ ಹೊರಗೆ ಗುಂಡಿಗೆ ಬಲಿಯಾದಾಗ ಅವನಿಗಿನ್ನೂ 25.

ಹಿಂದಿಕ್ಕುವುದೆಂದರೇನು ಎಂದು ಕಣ್ಣಾರೆ ಕಾಣಬೇಕಿದ್ದರೆ ನಮ್ಮ ಊರಿಗೆ ಹತ್ತಿರದ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಹಣವಿಲ್ಲದ ಹುಡುಗರೂ ರೇಸ್‌ಗೆ ಇಳಿಯಲಿ ಎಂದು ಮಾರುತಿ ಎಂಜಿನ್ ಕೂರಿಸಿ ಸಣ್ಣ ರೇಸ್ ಕಾರು ಕಟ್ಟಿದ ಕೊಯಮತ್ತೂರಿನ ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್ ಅದು. ಅಲ್ಲಿ ನಡೆಯುವ ಫಾರ್ಮುಲಾ ಎಲ್‌ಜಿಬಿಯಂಥ ರೇಸಿನಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು, ಒಂದೇ ಎಂಜಿನ್. ಮುಂದಿನವನ ಎಂಜಿನ್ ಸುಸ್ತಾಗಲಿ ಎಂದು ಹಿಂದೆಯೇ ಓಡಿಸಿಕೊಂಡು ಹೋದವನು ಕೊನೆಯ ಲ್ಯಾಪಿನಲ್ಲೂ ಹಿಂದೆಯೇ ಇರುತ್ತಾನೆ. ಹಿಂದಿಕ್ಕುವವನು ತಿರುವಿನಲ್ಲಿ ಮುಂದಿನವನಿಗಿಂತ ಒಂದು ಗಳಿಗೆ ತಡವಾಗಿ ಬ್ರೇಕ್ ಒತ್ತುತ್ತಾನೆ. ತಪ್ಪಿದರೆ ಟ್ರ್ಯಾಕ್ ಬಿಟ್ಟು ಹೊರಗೆ ಹೋಗುತ್ತಾನೆ. ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳದೆ ಹಿಂದಿಕ್ಕಿದವರನ್ನು ನಾನು ಯಾವ ಆಟದಲ್ಲೂ ಕಂಡಿಲ್ಲ.

ಎದುರು ಪಕ್ಷದವರ ಗಟ್ಟಿ ವಾದವೂ ಒಂದಿದೆ. ಮನುಷ್ಯನ ದೇಹ ಎಂಜಿನ್ ಅಲ್ಲ, ಅದಕ್ಕೆ ಮುಪ್ಪುಂಟು ಎನ್ನುತ್ತಾರೆ. ನಿಜ. 2025ರಲ್ಲಿ ಜೊಕೊವಿಚ್ ನಾಲ್ಕೂ ಗ್ರ್ಯಾಂಡ್‌ಸ್ಲಾಮ್‌ಗಳ ಸೆಮಿಫೈನಲ್‌ವರೆಗೆ ಬಂದು ನಾಲ್ಕರಲ್ಲೂ ನಿಂತ. ಐದು ಸೆಟ್ಟಿನ ಆಟದಲ್ಲಿ ಈ ಹುಡುಗರ ಎದುರು ತನ್ನ ದೇಹ ಸಾಲದು ಎಂಬರ್ಥದ ಮಾತನ್ನು ಅವನೇ ಆಡಿದ್ದಾನೆ. ಇಷ್ಟನ್ನೂ ಒಪ್ಪುತ್ತೇನೆ. ಆದರೆ ಜೊಕೊವಿಚ್‌ಗೆ ವಯಸ್ಸಾದದ್ದು ಅಲ್ಕರಾಜ್ ಮತ್ತು ಸಿನ್ನರ್ ಇಬ್ಬರಿಗೆ ಮಾತ್ರವೇ? ಜ್ವೆರೆವ್‌ಗೂ ಅದೇ ದಿನ ಆಯಿತು. ಸಿಸಿಪಾಸ್‌ಗೂ ಆಯಿತು, ರೂಡ್‌ಗೂ ಫ್ರಿಟ್ಜ್‌ಗೂ ಆಯಿತು. ಇವರೆಲ್ಲ ಜೊಕೊವಿಚ್‌ಗಿಂತ ಹತ್ತು ಹನ್ನೊಂದು ವರ್ಷ ಚಿಕ್ಕವರು. 2024 ಮತ್ತು 2025ರ ಎಂಟು ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ನಾಲ್ಕು ಸಿನ್ನರ್‌ಗೆ, ನಾಲ್ಕು ಅಲ್ಕರಾಜ್‌ಗೆ. ಉಳಿದವರಿಗೆ ಒಂದೂ ಇಲ್ಲ. ಎಲ್ಲರಿಗೂ ಸಮನಾಗಿ ಸಿಕ್ಕ ವಯಸ್ಸಿನ ಲಾಭ ಇಬ್ಬರನ್ನು ಮಾತ್ರ ಯಾಕೆ ಗೆಲ್ಲಿಸಿತು ಎಂಬುದಕ್ಕೆ ಕಾಲದ ವಾದದಲ್ಲಿ ಉತ್ತರವೇ ಇಲ್ಲ.

ಉತ್ತರ ಬೇಕಿದ್ದರೆ 2023ರ ವಿಂಬಲ್ಡನ್ ಫೈನಲ್ ನೋಡಬೇಕು. ಮೊದಲ ಸೆಟ್ಟು ಜೊಕೊವಿಚ್‌ಗೆ 6-1. ಎರಡನೆಯದು ಟೈಬ್ರೇಕ್‌ಗೆ ಹೋಯಿತು. ಅದಕ್ಕೆ ಮೊದಲು ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಸತತ ಹದಿನೈದು ಟೈಬ್ರೇಕ್ ಗೆದ್ದಿದ್ದವನು ಅವನು. ಇಪ್ಪತ್ತರ ಅಲ್ಕರಾಜ್ ಅದನ್ನು ಕಿತ್ತುಕೊಂಡ. ಮೂರನೇ ಸೆಟ್ಟಿನಲ್ಲಿ ಒಂದೇ ಒಂದು ಗೇಮ್, ಜೊಕೊವಿಚ್‌ನ ಸರ್ವಿಸ್, 26 ನಿಮಿಷ ನಡೆಯಿತು. ಹದಿಮೂರು ಡ್ಯೂಸ್. ಪ್ರತಿ ಸಲ ಕೈಗೆ ಬಂದ ಅವಕಾಶ ಜಾರಿದಾಗಲೂ ಆ ಹುಡುಗ ಹಿಂದಕ್ಕೆ ಸರಿದು ಸುರಕ್ಷಿತ ಆಟಕ್ಕೆ ಇಳಿಯಲಿಲ್ಲ. ಡ್ರಾಪ್ ಶಾಟ್ ಹಾಕಿದ, ನೆಟ್ಟಿಗೆ ಬಂದ, ಮತ್ತೆ ಪೂರ್ತಿ ಕೈ ಬೀಸಿ ಹೊಡೆದ. 2013ರ ಫೈನಲ್‌ನಲ್ಲಿ ಮರ್ರೆಗೆ ಸೋತ ನಂತರ ಸೆಂಟರ್ ಕೋರ್ಟಿನಲ್ಲಿ ಸೋಲನ್ನೇ ಕಾಣದವನು ಐದನೇ ಸೆಟ್ಟಿನಲ್ಲಿ ಸೋತ. ಆ ವರ್ಷ ಉಳಿದ ಮೂರೂ ಗ್ರ್ಯಾಂಡ್‌ಸ್ಲಾಮ್ ಗೆದ್ದವನು ಅದೇ ಜೊಕೊವಿಚ್. ಅವನ ಕಾಲ ಮುಗಿದಿತ್ತು ಎನ್ನುವವರು ಮಿಕ್ಕ ಮೂರು ಕಪ್ಪುಗಳನ್ನು ಎಲ್ಲಿ ಬಚ್ಚಿಡುತ್ತಾರೆ?

ಸಿನ್ನರ್‌ನ ದಾರಿ ಬೇರೆ, ಇನ್ನೂ ನಿಧಾನದ್ದು. 2022ರ ವಿಂಬಲ್ಡನ್‌ನಲ್ಲಿ ಎರಡು ಸೆಟ್ ಮುಂದಿದ್ದು ಜೊಕೊವಿಚ್‌ಗೆ ಸೋತವನು ತನ್ನ ಸರ್ವಿಸನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡ. 2023ರ ನವೆಂಬರ್‌ನಲ್ಲಿ ಟ್ಯೂರಿನ್‌ನಲ್ಲಿ ಜೊಕೊವಿಚ್ ಎದುರು ಒಂದು ಪಂದ್ಯ ಗೆದ್ದು, ಅಲ್ಲೇ ಫೈನಲ್‌ನಲ್ಲಿ ಸೋತು, ಕೆಲವೇ ದಿನಗಳಲ್ಲಿ ಡೇವಿಸ್ ಕಪ್‌ನಲ್ಲಿ ಮೂರು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು ಗೆದ್ದ. 2024ರ ಆಸ್ಟ್ರೇಲಿಯನ್ ಓಪನ್ ಸೆಮಿಫೈನಲ್‌ನಲ್ಲಿ ಜೊಕೊವಿಚ್‌ಗೆ ಒಂದು ಬ್ರೇಕ್ ಪಾಯಿಂಟನ್ನೂ ಕೊಡಲಿಲ್ಲ. ಪೂರ್ತಿ ಆಡಿದ ಗ್ರ್ಯಾಂಡ್‌ಸ್ಲಾಮ್ ಪಂದ್ಯವೊಂದರಲ್ಲಿ ಜೊಕೊವಿಚ್‌ಗೆ ಹಾಗಾದದ್ದು ಅದೇ ಮೊದಲು. ಇದು ಕಾದು ಕೂತವನ ಗೆಲುವಲ್ಲ. ಹಿರಿಯರಾದರೂ ಅಷ್ಟೇ, ಹೊಸ ಪಟ್ಟಿಗೆ ಹೊಸ ಪ್ರತಿಪಟ್ಟು ಕಟ್ಟಿದರೆ ಗೆಲ್ಲುತ್ತಾರೆ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ 37ರ ಜೊಕೊವಿಚ್ 21ರ ಅಲ್ಕರಾಜ್‌ನನ್ನು ಎರಡು ಟೈಬ್ರೇಕ್‌ಗಳಲ್ಲಿ ಸೋಲಿಸಿದ, ಅದೂ ಮೂರು ವಾರಗಳ ಹಿಂದೆ ವಿಂಬಲ್ಡನ್‌ನಲ್ಲಿ ನೇರ ಸೆಟ್ಟುಗಳಲ್ಲಿ ಅವನಿಗೆ ಸೋತ ಮೇಲೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಅದೇ ವರ್ಷದ ಜನವರಿಯಲ್ಲಿ, 43ರಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಡಬಲ್ಸ್‌ನಲ್ಲಿ ಅರ್ಧ ಕೋರ್ಟೇ ಓಡಬೇಕು ಎನ್ನಬಹುದು. ಸರಿ, ಎದುರಿನ ಹುಡುಗರೂ ಅರ್ಧ ಕೋರ್ಟೇ ಓಡಿದ್ದು.

ಚೆಸ್‌ನವರು ತಮಿಳುನಾಡಿನ ಉದಾಹರಣೆ ಕೊಟ್ಟು ನನ್ನನ್ನು ತಡೆಯುವುದುಂಟು. ವಿಶ್ವನಾಥನ್ ಆನಂದ್ 1986ರಿಂದ 37 ವರ್ಷ ಭಾರತದ ಅಗ್ರ ಆಟಗಾರ. 2023ರ ಸೆಪ್ಟೆಂಬರ್ ಪಟ್ಟಿಯಲ್ಲಿ ಹದಿನೇಳರ ಗುಕೇಶ್ ಆನಂದ್‌ರನ್ನು ದಾಟಿದಾಗ ಅವರಿಗೆ 53. ಇದು ಕಾಲದ ಕೆಲಸವಲ್ಲವೇ ಎನ್ನುತ್ತಾರೆ. ಆ 37 ವರ್ಷಗಳಲ್ಲಿ ಆನಂದ್‌ಗಿಂತ ಚಿಕ್ಕವರಾದ ಎಷ್ಟು ಮಂದಿ ಗ್ರ್ಯಾಂಡ್‌ಮಾಸ್ಟರ್‌ಗಳು ಈ ದೇಶದಲ್ಲಿ ಬಂದುಹೋದರು! ಶಶಿಕಿರಣ್ ಇದ್ದರು, ಹರಿಕೃಷ್ಣ ಇದ್ದರು. ಕಾಲ ಅವರಿಗೇನು ಕೈ ಕೊಟ್ಟಿತ್ತೇ? 2013ರಲ್ಲಿ ಚೆನ್ನೈಯಲ್ಲಿ ಕಾರ್ಲ್‌ಸನ್‌ಗೆ ಆನಂದ್ ವಿಶ್ವ ಪಟ್ಟ ಬಿಟ್ಟುಕೊಟ್ಟಾಗ ಎಲ್ಲರೂ ಅವರ ಕಾಲ ಮುಗಿಯಿತು ಎಂದು ಬರೆದರು. ನಾಲ್ಕು ತಿಂಗಳಲ್ಲಿ, 44ರ ವಯಸ್ಸಿನಲ್ಲಿ, ತಮಗಿಂತ ಚಿಕ್ಕವರನ್ನೆಲ್ಲ ಹಿಂದೆ ಹಾಕಿ ಕ್ಯಾಂಡಿಡೇಟ್ಸ್ ಗೆದ್ದು ಮತ್ತೆ ಸವಾಲು ಹಾಕಿದರು. ಗುಕೇಶ್ ಆನಂದ್‌ರನ್ನು ದಾಟಿದ್ದು ಅವರು ದಣಿಯಲೆಂದು ಕಾದಿದ್ದರಿಂದ ಅಲ್ಲ. ಆನಂದ್ ತಾವೇ ಆ ಹುಡುಗರನ್ನು ತಮ್ಮ ಅಕಾಡೆಮಿಯಲ್ಲಿ ಕೂರಿಸಿಕೊಂಡು ತಮಗೆ ಗೊತ್ತಿದ್ದದ್ದನ್ನೆಲ್ಲ ಧಾರೆ ಎರೆದರು. ಚಾಂಪಿಯನ್ ಏನು ಯೋಚಿಸುತ್ತಾನೆ ಎಂದು ಹದಿನೈದರಲ್ಲೇ ಹತ್ತಿರದಿಂದ ಕಂಡವನು 2024ರ ಡಿಸೆಂಬರ್‌ನಲ್ಲಿ, ಹದಿನೆಂಟರಲ್ಲಿ, ಸಿಂಗಪುರದಲ್ಲಿ ಡಿಂಗ್ ಲಿರೆನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ.

ಇನ್ನು ನನ್ನ ಮನಸ್ಸನ್ನು ಇಂದಿಗೂ ಕಾಡುವ ಪಂದ್ಯಕ್ಕೆ ಬರುತ್ತೇನೆ. ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಬ್ಯಾಡ್ಮಿಂಟನ್ ಸೆಮಿಫೈನಲ್. ಒಂದು ಕಡೆ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್‌ಸನ್, ಮೂವತ್ತರ ಒಲಿಂಪಿಕ್ ಚಾಂಪಿಯನ್. ಇನ್ನೊಂದು ಕಡೆ ಲಕ್ಷ್ಯ ಸೇನ್, ಅಲ್ಮೋರಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಬೆಂಗಳೂರಿಗೆ ಬಂದು ಪ್ರಕಾಶ್ ಪಡುಕೋಣೆಯವರ ಅಕಾಡೆಮಿಯಲ್ಲಿ ಬೆಳೆದ ಹುಡುಗ, 22 ವರ್ಷ. ಮೊದಲ ಗೇಮ್‌ನಲ್ಲಿ ಲಕ್ಷ್ಯ 20-17. ಕೈಯಲ್ಲಿ ಮೂರು ಗೇಮ್ ಪಾಯಿಂಟ್. 20-22ಕ್ಕೆ ಸೋತ. ಎರಡನೇ ಗೇಮ್‌ನಲ್ಲಿ 7-0 ಮುಂದೆ. 14-21ಕ್ಕೆ ಸೋತ. ಆಕ್ಸೆಲ್‌ಸನ್‌ಗೆ ವಯಸ್ಸು ಲಕ್ಷ್ಯನಿಗಿಂತ ಎಂಟು ವರ್ಷ ಹೆಚ್ಚು. 17-20ರಲ್ಲಿ ಆ ಎಂಟು ವರ್ಷ ಎಲ್ಲಿ ಹೋಗಿದ್ದವು? ಅಂಥ ಹೊತ್ತಿನಲ್ಲಿ ಯಾವ ಹೊಡೆತ ಆಡಬೇಕೆಂದು ಆಕ್ಸೆಲ್‌ಸನ್‌ಗೆ ಗೊತ್ತಿತ್ತು. ಲಕ್ಷ್ಯನ ಕೈ ಆ ಹೊತ್ತಿಗೆ ಬಿಗಿಯಾಯಿತು.

ಪಂದ್ಯದ ನಂತರ ಆಕ್ಸೆಲ್‌ಸನ್ ದೊಡ್ಡ ಮನಸ್ಸಿನಿಂದ, ನಾಲ್ಕು ವರ್ಷದ ಬಳಿಕ ಈ ಹುಡುಗನೇ ಚಿನ್ನದ ಪ್ರಬಲ ಸ್ಪರ್ಧಿ ಆಗಿರುತ್ತಾನೆ ಎಂಬರ್ಥದಲ್ಲಿ ಮಾತಾಡಿದ. ನಮ್ಮವರು ಅದನ್ನೇ ಹಿಡಿದುಕೊಂಡು ಸಂಭ್ರಮಿಸಿದರು. ಆ ಒಳ್ಳೆಯ ಮಾತಿನಲ್ಲಿ ಕಪಟವಿಲ್ಲ. ಆದರೆ ಅದನ್ನು ಭವಿಷ್ಯವಾಣಿ ಎಂದುಕೊಂಡವರು ತಮ್ಮ ಮೂಗಿಗೆ ತಾವೇ ತುಪ್ಪ ಸವರಿಕೊಂಡರು. ಮುಂದೆ ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಜೀ ಜಿಯಾ ಎದುರು ಲಕ್ಷ್ಯ ಮೊದಲ ಗೇಮ್ 21-13ಕ್ಕೆ ಗೆದ್ದೂ ಪಂದ್ಯ ಸೋತ. ಆಗ ಕೋಚ್ ಕುರ್ಚಿಯಲ್ಲಿದ್ದ ಪ್ರಕಾಶ್, ಬೇಕಾದ ನೆರವೆಲ್ಲ ಸಿಕ್ಕಿದೆ, ಇನ್ನು ಆಟಗಾರರೇ ಹೊಣೆ ಹೊರಬೇಕು ಎಂದು ನೇರವಾಗಿ ಹೇಳಿದರು. ಸೋತ ಮಕ್ಕಳ ಮೇಲೆ ಇಷ್ಟು ಗಡಸು ಬೇಕಿತ್ತೇ ಎಂದು ಎಷ್ಟೋ ಜನ ಮುನಿಸಿಕೊಂಡರು. ನಾನು ಪ್ರಕಾಶರ ಪಕ್ಷ. ಹದಿನಾರರಲ್ಲಿ ಹಿರಿಯರನ್ನೆಲ್ಲ ದಾಟಿದವರು, ತಮ್ಮ ಏರುಹೊತ್ತಿನಲ್ಲೇ ಹದಿನೆಂಟರ ಹುಡುಗನಿಂದ ಸೋಲುಂಡವರು ಅವರು. ಹಿಂದಿಕ್ಕುವುದನ್ನು ಎರಡೂ ಕಡೆಯಿಂದ ಕಂಡವರಿಗೆ ‘ನಿನ್ನ ಕಾಲ ಬರುತ್ತದೆ’ ಎಂಬ ಮಾತು ಬಾಯಿಗೆ ಬರದಿದ್ದುದು ಸಹಜ. ಆ ದಿನ ಲಕ್ಷ್ಯನಿಗೆ ಅವರಿಂದ ಸಿಕ್ಕ ಗೌರವಕ್ಕಿಂತ ದೊಡ್ಡದು ಇನ್ನಾರಿಂದಲೂ ಸಿಗಲಿಲ್ಲ. ಗೆಲ್ಲಬಲ್ಲವನು ಎಂದು ನಂಬಿದವನ ಹತ್ತಿರವೇ ಅಲ್ಲವೇ ನಾವು ಲೆಕ್ಕ ಕೇಳುವುದು?

ಈಗ ನಮ್ಮ ಊರುಗಳ ಮಾತು. ಕೊಯಮತ್ತೂರು, ತಿರುಪ್ಪೂರು ಕಡೆ ರಜೆ ಬಂತೆಂದರೆ ಷಟಲ್ ಟೂರ್ನಿಗಳಿಗೆ ಕೊರತೆಯಿಲ್ಲ. ಹದಿಮೂರರ ಒಳಗಿನವರು, ಹದಿನೈದರ ಒಳಗಿನವರು, ಹದಿನೇಳರ ಒಳಗಿನವರು, ಆಮೇಲೆ ಓಪನ್. ಚಿಕ್ಕವರ ಆಟಕ್ಕೆ ವಯಸ್ಸಿನ ಗುಂಪು ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು, ಹದಿನೇಳರ ಗುಂಪಿನಲ್ಲಿ ವರ್ಷಕ್ಕೆ ಐದಾರು ಕಪ್ ಮನೆಗೆ ತರುವ ಹುಡುಗನನ್ನೂ ಹುಡುಗಿಯನ್ನೂ ಅಪ್ಪಂದಿರು ಓಪನ್ ಡ್ರಾಗೆ ಹೆಸರು ಕೊಡದೆ ಹಿಡಿದಿಡುತ್ತಾರಲ್ಲ, ಅದರ ಬಗ್ಗೆ. ‘ಮೊದಲ ರೌಂಡಿನಲ್ಲೇ ಟಾಪ್ ಸೀಡ್ ಸಿಕ್ಕಿದರೆ ಮನಸ್ಸು ಮುರಿಯುತ್ತೆ ಸಾರ್’ ಅನ್ನುತ್ತಾರೆ. ಟಾಪ್ ಸೀಡ್ ಎದುರು ಆಡದೆ ಅವನ ಸರ್ವಿಸ್ ಎಲ್ಲಿ ಬೀಳುತ್ತದೆ, ಹದಿನೆಂಟರ ನಂತರ ಅವನು ಯಾವ ಮೂಲೆಗೆ ಹೊಡೆಯುತ್ತಾನೆ ಎಂದು ಮಗುವಿಗೆ ತಿಳಿಯುವುದು ಹೇಗೆ? ತನ್ನಷ್ಟೇ ಬಲದವರನ್ನು ಸೋಲಿಸಿ ಸೋಲಿಸಿ ಕಪಾಟು ತುಂಬಿಸಿಕೊಂಡವರು ಹತ್ತೊಂಬತ್ತಕ್ಕೆ ಓಪನ್‌ಗೆ ಇಳಿದಾಗ, ಅಷ್ಟು ವರ್ಷದಿಂದ ಬೆಳೆಯುತ್ತಲೇ ಬಂದ ಹಳೆಯ ಹುಲಿ ಅಲ್ಲೇ ಇರುತ್ತದೆ. ಎರಡು ರೌಂಡ್ ಸೋತು, ಕಾಲೇಜು ಓದಿನ ನೆಪ ಹೇಳಿ ರ‍್ಯಾಕೆಟ್ ಅಟ್ಟಕ್ಕೆ ಏರಿಸುತ್ತಾರೆ. ಅವರ ಕಾಲ ಬರಲೇ ಇಲ್ಲ ಎಂದು ಆಗಲೂ ನಾವು ಕಾಲದ ಮೇಲೆಯೇ ಹಾಕುತ್ತೇವೆ.

ಪ್ರಕಾಶ್ ಪಡುಕೋಣೆ 1971ರಲ್ಲಿ ಜೂನಿಯರ್ ಆಡಿದ ಟೂರ್ನಿಯಲ್ಲೇ ಸೀನಿಯರ್ ಡ್ರಾದಲ್ಲೂ ಇದ್ದರು. ಇದ್ದದ್ದರಿಂದಲೇ ಗೆದ್ದದ್ದು. ಮುಂದಿನ ಟೂರ್ನಿಯ ಅರ್ಜಿ ತುಂಬುವಾಗ ಮಗುವಿನ ವಯಸ್ಸಿನ ಗುಂಪಿಗೆ ಗುರುತು ಹಾಕಿ, ಓಪನ್‌ಗೂ ಹಾಕಿ. ಎರಡು ಪ್ರವೇಶ ಶುಲ್ಕ ಕಟ್ಟಿ. ಸೋತು ಬಂದರೆ ಇನ್ನೂ ಎರಡು ವರ್ಷ ಎನ್ನಬೇಡಿ. ಹದಿನೆಂಟರಿಂದ ಇಪ್ಪತ್ತೊಂದರವರೆಗಿನ ಆ ಅಂಕಗಳನ್ನು ಒಂದೊಂದಾಗಿ ಅವರ ಬಾಯಿಂದಲೇ ಹೇಳಿಸಿ, ಮರುದಿನ ಬೆಳಗ್ಗೆ ಅದೇ ಹೊಡೆತದಿಂದ ಅಭ್ಯಾಸ ಶುರುಮಾಡಿಸಿ.